ಪಚ್ಚಿಲೆಯಲ್ಲಿ ಕ್ಯಾಡ್ಮಿಯಂ 3.6 ಅಂತ ವರದಿ ಬಂದಿದೆ. ಇದನ್ನು ಹೇಗೆ ಓದಬೇಕು?

ತೇಲುಹಗ್ಗ:
ಎಲ್ಲರಿಗೂ ನಮಸ್ಕಾರ. ಅಳಿವೆಯ ಹತ್ತಿರ ಹಗ್ಗದ ಮೇಲೆ ಪಚ್ಚಿಲೆ ಅನ್ನುವ ಚಿಪ್ಪುಮೀನು ಬೆಳೆಸುವ ಸಣ್ಣ ಗುಂಪು ನಮ್ಮದು. ಹೊಳೆಯ ಮೇಲ್ಭಾಗದಲ್ಲಿ ಕಾರ್ಖಾನೆಗಳು ಜಾಸ್ತಿಯಾದ ಮೇಲೆ ಮನಸ್ಸಿನಲ್ಲಿ ಒಂದು ಅಳುಕು ಇತ್ತು. ಸುಮ್ನೆ ಊಹೆ ಮಾಡುತ್ತಾ ಕೂರುವುದು ಬೇಡ ಅಂತ ಒಂದು ಲ್ಯಾಬಿಗೆ ಸ್ಯಾಂಪಲ್ ಕೊಟ್ಟೆವು. ವರದಿ ಹೀಗಿದೆ: ಕ್ಯಾಡ್ಮಿಯಂ 3.6, ಸೀಸ 2.1, ಆರ್ಸೆನಿಕ್ 11, ಎಲ್ಲವೂ ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಪಾದರಸದ ಮುಂದೆ ‘ಪತ್ತೆಯಾಗಿಲ್ಲ’ ಅಂತಿದೆ.

ನೆಟ್‌ನಲ್ಲಿ ನೋಡಿದರೆ ಯುರೋಪಿಯನ್ ಒಕ್ಕೂಟದಲ್ಲಿ ಚಿಪ್ಪುಮೀನಿಗೆ ಕ್ಯಾಡ್ಮಿಯಂ ಮಿತಿ 1. ಅಂದರೆ ನಮ್ಮದು ಮೂರೂವರೆ ಪಟ್ಟು ಮೇಲೆ! ವರದಿ ಗುಂಪಿನ ವಾಟ್ಸಾಪಿಗೆ ಹೋಗಿ, ಅಲ್ಲಿಂದ ಕೊಳ್ಳುವವರಿಗೂ ಹೋಯಿತು. ಈಗ ಎಲ್ಲರೂ ಫೋನ್ ಮಾಡುತ್ತಿದ್ದಾರೆ. ಬೆಳೆ ಪೂರ್ತಿ ಬಿಸಾಡಬೇಕಾ?

ಲ್ಯಾಬ್‌ಕೋಟು:
ಮೊದಲು ಒಂದೇ ಪ್ರಶ್ನೆ. ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ. ಹಸಿ ತೂಕವೋ, ಒಣ ತೂಕವೋ?

ತೇಲುಹಗ್ಗ:
‘ಒಣ ತೂಕದ ಆಧಾರದಲ್ಲಿ’ ಅಂತಿದೆ ಸರ್. ತೇವಾಂಶ 82 ಶೇಕಡಾ ಅಂತ ಪಕ್ಕದಲ್ಲೇ ಇದೆ.

ಲ್ಯಾಬ್‌ಕೋಟು:
ಹಾಗಾದರೆ ಸ್ವಲ್ಪ ಉಸಿರು ಬಿಡಿ. ಮಾಂಸವನ್ನು ಒಣಗಿಸಿ ಪುಡಿ ಮಾಡಿ ಅಳೆದಿದ್ದಾರೆ. ಕಾನೂನಿನ ಮಿತಿ ಇರುವುದು ಹಸಿ ತೂಕಕ್ಕೆ, ಅಂದರೆ ಜನ ತಿನ್ನುವ ಸ್ಥಿತಿಯ ಮಾಂಸಕ್ಕೆ. 100 ಗ್ರಾಂ ಪಚ್ಚಿಲೆ ಮಾಂಸದಲ್ಲಿ ನಿಮ್ಮ ಲೆಕ್ಕದಂತೆ 18 ಗ್ರಾಂ ಮಾತ್ರ ಘನ ಪದಾರ್ಥ, ಉಳಿದದ್ದು ನೀರು. ಹಾಗಾಗಿ 3.6 ಅನ್ನು 0.18ರಿಂದ ಗುಣಿಸಿ. ಸುಮಾರು 0.65 ಬರುತ್ತದೆ. ಸೀಸ 0.38. ಯುರೋಪಿನಲ್ಲಿ ಚಿಪ್ಪುಮೀನಿನ ಸೀಸಕ್ಕೆ ಮಿತಿ 1.5. ಎರಡೂ ಮಿತಿಯ ಒಳಗಿವೆ.

ಒಣ ತೂಕದಲ್ಲಿ ಕೊಡುವುದು ತಪ್ಪಲ್ಲ. ಜಾಗದಿಂದ ಜಾಗಕ್ಕೆ ಹೋಲಿಸುವಾಗ ಅದೇ ಸರಿ, ಯಾಕೆಂದರೆ ನೀರಿನ ಅಂಶ ಏರುಪೇರಾಗುತ್ತದೆ. ಆದರೆ ಆ ಅಂಕಿಯನ್ನು ನೇರವಾಗಿ ಆಹಾರದ ಮಿತಿಯ ಪಕ್ಕದಲ್ಲಿ ಇಟ್ಟರೆ ಎಲ್ಲ ಚಿಪ್ಪುಮೀನೂ ವಿಷದ ಹಾಗೆ ಕಾಣಿಸುತ್ತದೆ.

ಉಪ್ಪುನೀರು:
ಮುಗೀತು ಬಿಡಿ. ಮಿತಿಯೊಳಗೆ ಇದೆ ಅಂದಮೇಲೆ ಮಾರಿ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಂತೂ ಪಚ್ಚಿಲೆಗೆ ಕ್ಯಾಡ್ಮಿಯಂ ಮಿತಿ 2. ಅದರ ಪ್ರಕಾರ ಇನ್ನೂ ಆರಾಮ.

ಲೆಕ್ಕದ ಮೇಷ್ಟ್ರು:
ಇಷ್ಟು ಬೇಗ ಮುಗಿಸಬೇಡಿ. ಮಿತಿ ಇರುವುದು ಮಾರುಕಟ್ಟೆಗೆ. ಹೊಟ್ಟೆಗೆ ಬೇರೆ ಲೆಕ್ಕ ಇದೆ. ಎಷ್ಟು ತಿನ್ನುತ್ತಾರೆ, ತಿನ್ನುವವರ ತೂಕ ಎಷ್ಟು ಅನ್ನುವುದು ಬರದೆ ‘ಅಪಾಯ’ ಅನ್ನುವ ಮಾತೇ ಪೂರ್ತಿ ಆಗುವುದಿಲ್ಲ.

ಲೆಕ್ಕ ಮಾಡೋಣ. 60 ಕೆಜಿ ತೂಕದವರು ವಾರಕ್ಕೆ 300 ಗ್ರಾಂ ಪಚ್ಚಿಲೆ ಮಾಂಸ ತಿಂದರು ಅಂತ ಇಟ್ಟುಕೊಳ್ಳಿ. ಮಾಂಸದ ಕೆಜಿಗೆ 0.65 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ವಾರಕ್ಕೆ 195 ಮೈಕ್ರೋಗ್ರಾಂ ಒಳಗೆ ಹೋಯಿತು. ದೇಹತೂಕದ ಕೆಜಿಗೆ 3.25. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ವಾರಕ್ಕೆ ಸಹಿಸಬಹುದು ಅಂತ ಇಟ್ಟ ಪ್ರಮಾಣ ಕೆಜಿಗೆ 2.5 ಮೈಕ್ರೋಗ್ರಾಂ. 3.25 ಭಾಗಿಸು 2.5 ಅಂದರೆ 1.3. ಈ ಭಾಗಲಬ್ಧ ಒಂದಕ್ಕಿಂತ ಜಾಸ್ತಿ ಆದರೆ ಗಮನ ಕೊಡಬೇಕು ಅಂತ ಅರ್ಥ.

ನೋಡಿ, ಸರಕು ಕಾನೂನಿನ ಮಿತಿಯೊಳಗಿದೆ, ತಿನ್ನುವವರು ಮಿತಿ ದಾಟಿದ್ದಾರೆ. ಎರಡೂ ಒಟ್ಟಿಗೆ ನಿಜ.

ಉಪ್ಪುನೀರು:
ಮೇಷ್ಟ್ರೇ, ವಾರಕ್ಕೆ 300 ಗ್ರಾಂ ಬರೀ ಮಾಂಸ ಯಾರು ತಿನ್ನುತ್ತಾರೆ? ಚಿಪ್ಪು ಸಮೇತ ತೂಗಿದರೆ ಅದು ಒಂದು ಕೆಜಿ ದಾಟುತ್ತದೆ.

ಲೆಕ್ಕದ ಮೇಷ್ಟ್ರು:
ಪೇಟೆಯವರು ತಿನ್ನುವುದಿಲ್ಲ. ಬೆಳೆಯುವವರ ಮನೆಯಲ್ಲಿ ತಿನ್ನುತ್ತಾರೆ. ಅಂದಾಜಿನಲ್ಲಿ ಎಡವುವುದು ಇಲ್ಲೇ. ಇಡೀ ದೇಶದ ಸರಾಸರಿ ತಗೊಂಡರೆ ಚಿಪ್ಪುಮೀನು ತಿನ್ನುವುದು ಸೊನ್ನೆಯ ಹತ್ತಿರ ಬರುತ್ತದೆ, ಅಪಾಯವೂ ಸೊನ್ನೆ ಅಂತ ಬರುತ್ತದೆ. ದಡದಲ್ಲಿರುವ ಕುಟುಂಬ ಆ ಸರಾಸರಿಯೊಳಗೆ ಕಾಣೆಯಾಗುತ್ತದೆ.

ಇನ್ನೊಂದು ವಿಷಯ, ಎಲ್ಲರೂ ಒಂದೇ ಅಳತೆಗೋಲು ಇಟ್ಟಿಲ್ಲ. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2010ರಲ್ಲಿ ಕ್ಯಾಡ್ಮಿಯಂಗೆ ತಿಂಗಳಿಗೆ ಕೆಜಿಗೆ 25 ಮೈಕ್ರೋಗ್ರಾಂ ಅಂತ ಹೇಳಿತು. ಆ ಲೆಕ್ಕದಲ್ಲಿ ಇದೇ ಊಟ ತಿಂಗಳಿಗೆ ಸುಮಾರು 14, ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಒಂದು ಕಡೆ ಫೇಲು, ಒಂದು ಕಡೆ ಪಾಸು. ಎರಡೂ ಕಡೆ ನೋಡುವುದು ಮೂತ್ರಪಿಂಡಕ್ಕೆ ಆಗುವ ಹಾನಿಯನ್ನೇ. ಸುರಕ್ಷತೆಗೆ ಎಷ್ಟು ಅಂತರ ಬಿಡಬೇಕು ಅನ್ನುವುದರಲ್ಲಿ ವ್ಯತ್ಯಾಸ. ಯಾವುದನ್ನು ಬಳಸಿದ್ದೀರಿ ಅಂತ ಬರೆಯದ ವರದಿಯನ್ನು ನಾನು ಬದಿಗಿಡುತ್ತೇನೆ.

ಮನೆಯೂಟ:
ಮೇಡಂ/ಸರ್, ಒಂದು ಸಂಶಯ. ಕ್ಯಾಡ್ಮಿಯಂ ಬರೀ ಚಿಪ್ಪುಮೀನಿನಿಂದ ಬರುತ್ತದಾ? ಬೇಯಿಸಿದರೆ ಹೋಗುತ್ತದಾ? ಮಕ್ಕಳಿಗೆ ಕೊಡಬಹುದಾ?

ಲ್ಯಾಬ್‌ಕೋಟು:
ಬೇಯಿಸಿದರೆ ಹೋಗುವುದಿಲ್ಲ. ಅದು ಮೂಲಧಾತು, ಬೆಂಕಿಗೆ ಒಡೆಯುವುದಿಲ್ಲ. ಬೇಯುವಾಗ ನೀರು ಬಿಟ್ಟು ಮಾಂಸ ಕುಗ್ಗುವುದರಿಂದ ಗ್ರಾಂ ಲೆಕ್ಕದಲ್ಲಿ ಸಾಂದ್ರತೆ ಸ್ವಲ್ಪ ಏರಿದ ಹಾಗೂ ಕಾಣಬಹುದು.

ಬೇರೆ ಕಡೆಯಿಂದಲೂ ಬರುತ್ತದೆ. ಧಾನ್ಯ, ಸೊಪ್ಪು, ಆಲೂಗಡ್ಡೆಯಲ್ಲಿ ಸ್ವಲ್ಪ ಸ್ವಲ್ಪ ಇರುತ್ತದೆ, ಆದರೆ ಇವನ್ನು ದಿನಾ ತಿನ್ನುತ್ತೇವೆ. ಬೀಡಿ ಸಿಗರೇಟು ಸೇದುವವರಿಗೆ ಹೊಗೆಯಿಂದಲೇ ಸಾಕಷ್ಟು ಸೇರುತ್ತದೆ. ಒಮ್ಮೆ ಮೂತ್ರಪಿಂಡಕ್ಕೆ ಹೋದರೆ ಅರ್ಧ ಖಾಲಿಯಾಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಹಾಗಾಗಿ ಒಂದು ಊಟಕ್ಕೆ ಹೆದರಬೇಕಿಲ್ಲ, ವರ್ಷಗಟ್ಟಲೆ ಸೇರುವುದನ್ನು ನೋಡಬೇಕು. ಮಕ್ಕಳ ವಿಷಯದಲ್ಲಿ ಮೇಷ್ಟ್ರ ಲೆಕ್ಕವನ್ನೇ ಹಾಕಿ: 15 ಕೆಜಿಯ ಮಗು 75 ಗ್ರಾಂ ತಿಂದರೆ, ದೊಡ್ಡವರು 300 ಗ್ರಾಂ ತಿಂದಷ್ಟೇ ಆಯಿತು.

ಮನೆಯೂಟ:
ಗರ್ಭಿಣಿಯರು ಮೀನು ಬಿಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಇದಕ್ಕೇನಾ?

ಲ್ಯಾಬ್‌ಕೋಟು:
ಅದು ಮೀಥೈಲ್ ಪಾದರಸದ (ಮೀನಿನ ಮೈಯಲ್ಲಿ ಸೇರುವ ಪಾದರಸದ ರೂಪ) ಕಾರಣಕ್ಕೆ. ಅದೂ ‘ಬಿಡಬೇಕು’ ಅಂತ ಅಲ್ಲ. ಅಮೆರಿಕದ ಸಲಹೆಯಲ್ಲಿ ಗರ್ಭಿಣಿಯರು ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ ಸುಮಾರು 225ರಿಂದ 340 ಗ್ರಾಂ ತಿನ್ನಿ ಅಂತಲೇ ಇದೆ, ಮಗುವಿನ ಮಿದುಳಿನ ಬೆಳವಣಿಗೆಗೆ ಬೇಕು ಅಂತ. ದೂರ ಇಡಬೇಕಾದ್ದು ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಗಾರ ಮೀನುಗಳನ್ನು. ಸಿಗಡಿ, ಪಚ್ಚಿಲೆ ಆಹಾರ ಸರಪಳಿಯ ಕೆಳಗಿನವು, ಆಯಸ್ಸೂ ಕಡಿಮೆ. ಅವುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆಯೇ. ಪಕ್ಕದಲ್ಲೇ ಪಾದರಸದ ಮೂಲ ಇದ್ದರೆ ಮಾತು ಬೇರೆ.

ಕೆಸರುಕಾಲು:
ಆ ‘ಮಾತು ಬೇರೆ’ಗೆ ಉದಾಹರಣೆ ಮಿನಮಾಟ. ಜಪಾನಿನ ಆ ಕೊಲ್ಲಿಗೆ ಚಿಸ್ಸೊ ಕಾರ್ಖಾನೆಯ ನೀರು 1932ರಿಂದ 1968ರವರೆಗೆ ಹರಿಯಿತು. ಅಸಿಟಾಲ್ಡಿಹೈಡ್ ಮಾಡುವಾಗ ಪಾದರಸವನ್ನು ಕ್ರಿಯಾವರ್ಧಕವಾಗಿ ಬಳಸುತ್ತಿದ್ದರು, ಮೀಥೈಲ್ ಪಾದರಸ ಅದರ ಜೊತೆಗೆ ಹೊರಬರುತ್ತಿತ್ತು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಅದಕ್ಕೂ ಮೊದಲೇ ಮೀನು ತಿಂದ ಬೆಕ್ಕುಗಳು ಕುಣಿದು ಸಾಯುತ್ತಿದ್ದವು. ಗುರುತಿಸಿದ ಮೇಲೂ ಹನ್ನೆರಡು ವರ್ಷ ನೀರು ನಿಲ್ಲಲಿಲ್ಲ. ಆ ಭಾಗ ನೆನಪಾದಾಗೆಲ್ಲ ನನಗೆ ಕೋಪ ಬರುತ್ತದೆ.

ತೇಲುಹಗ್ಗ ಅವರೇ, ಈಗ ನನ್ನ ಪ್ರಶ್ನೆ. ಸ್ಯಾಂಪಲ್ ಎಲ್ಲಿಂದ ತೆಗೆದಿರಿ? ಎಷ್ಟು ಜಾಗದಿಂದ? ಎಷ್ಟು ದೊಡ್ಡ ಪಚ್ಚಿಲೆ?

ತೇಲುಹಗ್ಗ:
ಅಳಿವೆಗೆ ತೀರಾ ಹತ್ತಿರದ ಒಂದೇ ಹಗ್ಗದಿಂದ. ದೊಡ್ಡವನ್ನೇ ಆರಿಸಿದೆವು, ಮಾಂಸ ಜಾಸ್ತಿ ಸಿಗಲಿ ಅಂತ. ಮಳೆಗಾಲ ಮುಗಿದ ಹೊಸತು.

ಕೆಸರುಕಾಲು:
ಹಾಗಾದರೆ ಈಗ ನಿಮ್ಮ ಕೈಯಲ್ಲಿರುವುದು ಒಂದು ಹಗ್ಗದ ಒಂದು ದಿನದ ಸುದ್ದಿ. ಅದರಿಂದ ಇಡೀ ಪ್ರದೇಶದ ಬಗ್ಗೆ ಹೇಳಲು ಆಗುವುದಿಲ್ಲ.

ಕ್ಯಾಡ್ಮಿಯಂ ಎಲ್ಲಿಂದ ಬಂತು ಅನ್ನುವುದೇ ಇನ್ನೂ ಗೊತ್ತಿಲ್ಲ. ಕಾರ್ಖಾನೆ ಇರಬಹುದು. ರಂಜಕದ ಗೊಬ್ಬರದಲ್ಲಿ ಕಲ್ಮಶವಾಗಿ ಕ್ಯಾಡ್ಮಿಯಂ ಇರುತ್ತದೆ, ಹೊಲದಿಂದ ಹರಿದು ಬಂದಿರಬಹುದು. ಸಮುದ್ರವೇ ಕೊಟ್ಟಿರಲೂಬಹುದು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಸಮುದ್ರದಲ್ಲಿ ಕ್ಯಾಡ್ಮಿಯಂ ಇರುವ ರೀತಿ ಫಾಸ್ಫೇಟ್ ಇರುವ ರೀತಿಯೇ: ಮೇಲ್ನೀರಿನಲ್ಲಿ ಕಡಿಮೆ, ಆಳದಲ್ಲಿ ಜಾಸ್ತಿ. ಆಳದ ತಣ್ಣನೆ ನೀರು ಮೇಲೆ ಉಕ್ಕುವ ಕರಾವಳಿಯಲ್ಲಿ ಕಾರ್ಖಾನೆಯೇ ಇಲ್ಲದಿದ್ದರೂ ಚಿಪ್ಪುಮೀನಿಗೆ ಕ್ಯಾಡ್ಮಿಯಂ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸಿಂಪಿಗಳಲ್ಲಿ ಜಾಸ್ತಿ ಕ್ಯಾಡ್ಮಿಯಂ ಕಂಡಾಗ ನೈಸರ್ಗಿಕ ಮೂಲದ ಕಡೆಗೇ ಬೊಟ್ಟು ಹೋಯಿತು.

ತಿನ್ನುವವರಿಗೆ ಮೂಲ ಯಾವುದಾದರೂ ಒಂದೇ. ಆದರೆ ಯಾರನ್ನು ಕೇಳಬೇಕು, ಏನನ್ನು ನಿಲ್ಲಿಸಬಹುದು ಅನ್ನುವುದಕ್ಕೆ ಮೂಲ ಗೊತ್ತಾಗಲೇಬೇಕು, ಅಲ್ವಾ?

ಪಂಜರಮೀನು:
ಮಧ್ಯೆ ಬಾಯಿ ಹಾಕುತ್ತೇನೆ. ನೀರನ್ನೇ ಟೆಸ್ಟ್ ಮಾಡಿಸಿದರೆ ಸುಲಭ ಅಲ್ವಾ? ಬಾಟಲಿ ತುಂಬಿ ಕೊಟ್ಟರೆ ಆಯಿತು.

ಲ್ಯಾಬ್‌ಕೋಟು:
ಕೊಡುವುದು ಸುಲಭ, ಅಳೆಯುವುದು ಕಷ್ಟ. ಬಾಟಲಿ ತುಂಬಿದ ಆ ನಿಮಿಷದ ನೀರು ಮಾತ್ರ ಸಿಗುತ್ತದೆ. ಇಳಿತದಲ್ಲಿ ಒಂದು ಉತ್ತರ, ಉಬ್ಬರದಲ್ಲಿ ಇನ್ನೊಂದು. ರಾತ್ರಿ ಬಿಟ್ಟ ಕೊಳಕು ಬೆಳಗ್ಗೆ ಇರುವುದಿಲ್ಲ. ಸಮುದ್ರದ ನೀರಿನಲ್ಲಿ ಲೋಹದ ಪ್ರಮಾಣ ಎಷ್ಟು ಕಡಿಮೆ ಅಂದರೆ, ದೋಣಿಯ ಬಣ್ಣದ ಚೂರು ಬಿದ್ದರೂ ಉತ್ತರ ಕೆಡುತ್ತದೆ. ಉಪ್ಪು ಕೂಡ ಯಂತ್ರಕ್ಕೆ ತೊಂದರೆ ಕೊಡುತ್ತದೆ. ಆರ್ಸೆನಿಕ್ ಅಳೆಯುವಾಗ ಉಪ್ಪಿನ ಕ್ಲೋರಿನ್ ಯಂತ್ರದ ಆರ್ಗಾನ್ ಅನಿಲದ ಜೊತೆ ಸೇರಿ 75ರ ತೂಕದ ಕಣವಾಗುತ್ತದೆ. ಆರ್ಸೆನಿಕ್‌ನ ತೂಕವೂ 75! ಸರಿಪಡಿಸದ ಲ್ಯಾಬು ಇಲ್ಲದ ಆರ್ಸೆನಿಕ್ ಅನ್ನು ತೋರಿಸಿಬಿಡುತ್ತದೆ.

ಪಚ್ಚಿಲೆಗೆ ಆ ಸಮಸ್ಯೆ ಇಲ್ಲ. ಅದು ಗಂಟೆಗೆ ಲೀಟರುಗಟ್ಟಲೆ ನೀರು ಸೋಸುತ್ತಾ, ವಾರ ತಿಂಗಳುಗಳ ಕೊಳಕನ್ನು ಮೈಯಲ್ಲಿ ಜಮಾ ಮಾಡಿಟ್ಟಿರುತ್ತದೆ. ಒಂದು ರೀತಿ ಪಾಸ್‌ಬುಕ್ ಇದ್ದ ಹಾಗೆ. 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನುವ ಸಮುದ್ರ ರಸಾಯನಶಾಸ್ತ್ರಜ್ಞ ‘ಮಸಲ್ ವಾಚ್’ (ಪಚ್ಚಿಲೆ ಕಾವಲು) ಅಂತ ಸೂಚಿಸಿದ್ದು ಇದನ್ನೇ. ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ 1986ರಿಂದ ಕರಾವಳಿಯುದ್ದಕ್ಕೂ ಪಚ್ಚಿಲೆ, ಸಿಂಪಿ ತೆಗೆದು ಅಳೆಯುತ್ತಾ ಬಂದಿದೆ.

ಕೆಸರುಕಾಲು:
ಅದಕ್ಕೇ ನಾನು ಹೇಳುವುದು, ಬೇರೆ ಶುದ್ಧ ಜಾಗದಿಂದ ಒಂದೇ ಅಳತೆಯ ಪಚ್ಚಿಲೆ ತಂದು, ಸಣ್ಣ ಬಲೆ ಚೀಲಗಳಲ್ಲಿ ಹಾಕಿ, ಹೊಳೆಯ ಬಾಯಿಂದ ಶುರುಮಾಡಿ ದೂರದವರೆಗೆ ಸಾಲಾಗಿ ನೇತು ಹಾಕಿ. ಒಂದೆರಡು ತಿಂಗಳು ಬಿಡಿ. ಆಮೇಲೆ ತೆಗೆದು ಅಳೆಯಿರಿ. ಹೊಳೆಯ ಕಡೆ ಜಾಸ್ತಿ, ದೂರ ಹೋದಂತೆ ಕಡಿಮೆ ಆದರೆ ಮೂಲ ಹೊಳೆಯಲ್ಲಿದೆ. ಎಲ್ಲ ಕಡೆ ಸಮ ಇದ್ದರೆ ಸಮುದ್ರದ ಕಡೆ ನೋಡಿ. ದುಬಾರಿ ಉಪಕರಣ ಏನೂ ಬೇಡ. ಕದಿಯುವವರು ಇಲ್ಲದ ಜಾಗ ಬೇಕು ಅಷ್ಟೇ 😄

ಕೆಸರನ್ನೂ ತೆಗೆಯಿರಿ, ಒಂದು ಎಚ್ಚರಿಕೆಯ ಜೊತೆ. ಲೋಹ ಅಂಟುವುದು ಅತಿ ಸಣ್ಣ ಕಣಗಳಿಗೆ. ಮರಳು ಇರುವ ಕಡೆ ಕಡಿಮೆ ಬರುತ್ತದೆ, ಜೇಡಿ ಇರುವ ಕಡೆ ಜಾಸ್ತಿ ಬರುತ್ತದೆ. ಅದು ಮಾಲಿನ್ಯದ ವ್ಯತ್ಯಾಸವೇ ಅಲ್ಲದೆ ಇರಬಹುದು. ಹಾಗಾಗಿ 63 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಮಾತ್ರ ಜರಡಿ ಹಿಡಿದು ಹೋಲಿಸಬೇಕು, ಇಲ್ಲವೇ ಜೇಡಿಯಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂಗೆ ಹೋಲಿಸಿ ಅನುಪಾತ ನೋಡಬೇಕು. ಇದನ್ನು ಮಾಡದ ನಕ್ಷೆಗಳು ಬಣ್ಣಬಣ್ಣವಾಗಿ ಚೆನ್ನಾಗಿ ಕಾಣುತ್ತವೆ. ಅವು ತೋರಿಸುವುದು ಮರಳು ಎಲ್ಲಿದೆ, ಜೇಡಿ ಎಲ್ಲಿದೆ ಅನ್ನುವುದನ್ನು!

ಪಂಜರಮೀನು:
ನಾವು ಮೀನು ಸಾಕುವ ಪಂಜರದ ಅಡಿಯ ಕೆಸರು ಕಪ್ಪಗಿದೆ. ಮುಟ್ಟಿದರೆ ಕೊಳೆತ ಮೊಟ್ಟೆಯ ವಾಸನೆ. ಇದು ವಿಷ ಸೇರಿದ ಗುರುತಾ?

ಕೆಸರುಕಾಲು:
ಅದು ಗಾಳಿ ಸಿಗದ ಗುರುತು. ಮೇವು, ಹಿಕ್ಕೆ ಬಿದ್ದು ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡ್‌ನದು. ವಿಚಿತ್ರ ಅಂದರೆ, ಆ ಸಲ್ಫೈಡೇ ಕ್ಯಾಡ್ಮಿಯಂ, ಸೀಸ, ತಾಮ್ರವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಹಿಡಿದಿರುವಷ್ಟು ಹೊತ್ತು ಜೀವಿಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಯಾರಾದರೂ ಹೂಳೆತ್ತಿ ಕೆಸರನ್ನು ಗಾಳಿಗೆ ಒಡ್ಡಿದರೆ ಸಲ್ಫೈಡ್ ಒಡೆದು ಲೋಹ ನೀರಿಗೆ ಬರುತ್ತದೆ. ಪಾದರಸದ ಕಥೆ ಉಲ್ಟಾ. ಅದೇ ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ.

ಹತ್ತಿರದಲ್ಲಿ ಬಂದರಿನ ಹೂಳೆತ್ತುವ ಕೆಲಸ ಇದ್ದರೆ, ಅದಕ್ಕೂ ಮೊದಲೊಮ್ಮೆ, ಆದಮೇಲೊಮ್ಮೆ ಚಿಪ್ಪುಮೀನು ಅಳೆಸಿಟ್ಟುಕೊಳ್ಳಿ. ನಾಳೆ ವಾದ ಬಂದಾಗ ‘ಮೊದಲು’ ಎಷ್ಟಿತ್ತು ಅನ್ನುವುದು ಯಾರ ಹತ್ತಿರವೂ ಇರುವುದಿಲ್ಲ.

ಪಂಜರಮೀನು:
ಬಲೆಗೆ ಪಾಚಿ ಹಿಡಿಯದ ಹಾಗೆ ತಾಮ್ರದ ಬಣ್ಣ ಹಾಕುತ್ತೇವೆ. ಅದೂ ಲೆಕ್ಕಕ್ಕೆ ಬರುತ್ತದಾ?

ಲ್ಯಾಬ್‌ಕೋಟು:
ಬರುತ್ತದೆ. ಸಾಕಣೆಯೇ ಮಾಲಿನ್ಯದ ಮೂಲ ಆಗುವುದನ್ನು ನಾವು ಬೇಗ ಮರೆಯುತ್ತೇವೆ. ಮೊದಲು ಇದಕ್ಕೆ ಟಿಬಿಟಿ ಅನ್ನುವ ತವರದ ಸಂಯುಕ್ತ ಬಳಸುತ್ತಿದ್ದರು, ದೋಣಿ ತಳಕ್ಕೂ ಅದೇ. ಫ್ರಾನ್ಸಿನ ಅರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿ ಮರಿಗಳು ನಿಲ್ಲುವುದೇ ಕಷ್ಟವಾಯಿತು. ಬೆಳೆದ ಸಿಂಪಿಗಳ ಚಿಪ್ಪು ಚೆಂಡಿನಂತೆ ಉಬ್ಬಿ, ಪದರಗಳ ನಡುವೆ ಲೋಳೆ ತುಂಬಿದ ಗೂಡುಗಳು ಬಂದವು. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಲ್ಲಿಸಿತು, ಸಿಂಪಿ ಚೇತರಿಸಿಕೊಂಡಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸಿನಲ್ಲೇ ಕೆಲವು ಸಮುದ್ರ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯುತ್ತದೆ. ತಿನ್ನುವವರಿಗೆ ಏನಾಗುತ್ತದೆ ಅಂತ ಮಾತ್ರ ನೋಡುತ್ತಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಸಿರುಸಿಂಪಿ:
ಸಿಂಪಿ ಮಾಂಸ ಹಸಿರಾದರೆ ತಾಮ್ರ ಸೇರಿದೆ ಅಂತ ಅರ್ಥ, ಸರಿ ತಾನೇ? ನೋಡಿಯೇ ಹೇಳಬಹುದು.

ಕೆಸರುಕಾಲು:
ಅರ್ಧ ಸರಿ. 1986ರಲ್ಲಿ ತೈವಾನಿನ ನೈಋತ್ಯ ಕರಾವಳಿಯಲ್ಲಿ ಸಿಂಪಿಗಳು ಹಸಿರಾದವು. ಹಳೆ ಲೋಹದ ಗುಜರಿಯಿಂದ ನದಿಗೆ ಬಂದ ತಾಮ್ರವೇ ಕಾರಣ. ಆದರೆ ಫ್ರಾನ್ಸಿನ ಮರೆನ್-ಓಲೆರೋನ್‌ನಲ್ಲಿ ಸಿಂಪಿಯ ಕಿವಿರು ಹಸಿರಾಗುವುದು ಒಂದು ಪಾಚಿಯ ಬಣ್ಣದಿಂದ. ಅದನ್ನು ಜನ ಹೆಚ್ಚು ದುಡ್ಡು ಕೊಟ್ಟು ತಿನ್ನುತ್ತಾರೆ. ಕ್ಯಾಡ್ಮಿಯಂ, ಪಾದರಸಕ್ಕಂತೂ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಉಪ್ಪುನೀರು:
ನನ್ನದು ಸಿಗಡಿ ಕೊಳ. ನಮಗೆ ಲೋಹಕ್ಕಿಂತ ಔಷಧದ ತಲೆನೋವು. ರಫ್ತಿಗೆ ಹೋದ ಕಂಟೇನರ್ ವಾಪಸ್ ಬರುವುದು ಅದಕ್ಕೇ.

ಲ್ಯಾಬ್‌ಕೋಟು:
ಹೌದು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅನ್ನುವ ಆಂಟಿಬಯೋಟಿಕ್ ಔಷಧಗಳಿಗೆ ‘ಇಷ್ಟು ಇರಬಹುದು’ ಅನ್ನುವ ಮಿತಿಯೇ ಇಲ್ಲ. ಇವು ನಿಷೇಧಿತ. ಯುರೋಪಿನಲ್ಲಿ ಕ್ಲೋರಾಂಫೆನಿಕಾಲ್ ಸಿಕ್ಕಿತು ಅಂತ ಸರಕು ತಡೆಯುವ ಗಡಿ ಕೆಜಿಗೆ 0.3 ಮೈಕ್ರೋಗ್ರಾಂ ಇದ್ದದ್ದು 2022ರ ನವೆಂಬರಿನಿಂದ 0.15 ಆಯಿತು. ಅಷ್ಟಿದ್ದರೆ ಸರಕು ನಿಲ್ಲುತ್ತದೆ. ನಿಮ್ಮ ಕೊಳಕ್ಕೆ ಹಾಕದಿದ್ದರೂ ಮರಿಕೇಂದ್ರದಿಂದಲೋ, ಹೆಸರಿಲ್ಲದ ಪುಡಿಯಿಂದಲೋ ಬಂದಿರಬಹುದು.

ಒಂದು ಸೂಕ್ಷ್ಮ ಇದೆ. ನೈಟ್ರೋಫ್ಯೂರಾನ್ ಗುಂಪಿನ ನೈಟ್ರೋಫ್ಯೂರಜೋನ್ ಬಳಸಿದ್ದಕ್ಕೆ ಲ್ಯಾಬು ಹುಡುಕುವ ಗುರುತು ಸೆಮಿಕಾರ್ಬಜೈಡ್. ಅದು ಸಿಗಡಿ, ಏಡಿಯ ಚಿಪ್ಪಿನಲ್ಲಿ ಔಷಧ ಇಲ್ಲದೆಯೂ ಇರಬಹುದು. ಚಿಪ್ಪು ಸಮೇತ ರುಬ್ಬಿ ಪರೀಕ್ಷೆ ಮಾಡಿದರೆ ತಪ್ಪಿತಸ್ಥ ಆಗುತ್ತೀರಿ. ಚಿಪ್ಪು ಸುಲಿದ ಮಾಂಸ ಮಾತ್ರ ಅಂತ ಲ್ಯಾಬಿಗೆ ಬರೆದುಕೊಡಿ.

ಎಣ್ಣೆಕಲೆ:
ನಮ್ಮ ಕಡೆ ದೋಣಿ ಡೀಸೆಲ್ ಜಾಸ್ತಿ. ಮೀನಿನ ಮಾಂಸದಲ್ಲಿ ಪಿಎಎಚ್ (ಎಣ್ಣೆ, ಹೊಗೆಯಲ್ಲಿರುವ ರಾಸಾಯನಿಕಗಳು) ಟೆಸ್ಟ್ ಮಾಡಿಸಿದೆವು, ಏನೂ ಬರಲಿಲ್ಲ. ನೆಮ್ಮದಿ ಅಂತ ಇದ್ದೇವೆ.

ಲ್ಯಾಬ್‌ಕೋಟು:
ತಿನ್ನುವವರ ಮಟ್ಟಿಗೆ ನೆಮ್ಮದಿ ಸರಿ. ನೀರು ಶುದ್ಧ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಮೀನಿನ ಯಕೃತ್ತು ಪಿಎಎಚ್ ಅನ್ನು ಬೇಗ ಒಡೆದು ಪಿತ್ತಕ್ಕೆ ಕಳಿಸುತ್ತದೆ. ಮಾಂಸದಲ್ಲಿ ಉಳಿಯುವುದಿಲ್ಲ. ಪಿತ್ತದಲ್ಲಿ ನೋಡಿದರೆ ಸಿಗುತ್ತದೆ. ಪಚ್ಚಿಲೆಗೆ ಆ ಶಕ್ತಿ ಕಡಿಮೆ, ಹಾಗಾಗಿ ಅದರ ಮೈಯಲ್ಲಿ ಉಳಿಯುತ್ತದೆ. ಡೀಸೆಲ್ ಸಂಶಯ ಇದ್ದರೆ ಚಿಪ್ಪುಮೀನನ್ನೇ ಅಳೆಸಿ.

‘ಏನೂ ಬರಲಿಲ್ಲ’ ಅಂದಾಗ ಲ್ಯಾಬಿನ ಕಣ್ಣು ಎಷ್ಟು ಚುರುಕು ಅನ್ನುವುದನ್ನೂ ಕೇಳಿ. ಬೆಂಜೋಪೈರೀನ್ ಅನ್ನುವ ಪಿಎಎಚ್‌ಗೆ ಚಿಪ್ಪುಮೀನಿನಲ್ಲಿ ಯುರೋಪಿನ ಮಿತಿ ಕೆಜಿಗೆ 5 ಮೈಕ್ರೋಗ್ರಾಂ. ನಿಮ್ಮ ಲ್ಯಾಬು 10ಕ್ಕಿಂತ ಕೆಳಗೆ ಅಳೆಯಲಾರದು ಅಂತಾದರೆ ‘ಪತ್ತೆಯಾಗಿಲ್ಲ’ಕ್ಕೆ ಬೆಲೆಯೇ ಇಲ್ಲ. ತೇಲುಹಗ್ಗ ಅವರ ಪಾದರಸಕ್ಕೂ ಇದೇ ಮಾತು.

ತೇಲುಹಗ್ಗ:
ಆರ್ಸೆನಿಕ್ 11 ಇದೆಯಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಎಲ್ಲರೂ ಹೆದರಿರುವುದು ಆ ಹೆಸರಿಗೇ.

ಲ್ಯಾಬ್‌ಕೋಟು:
ಹಸಿ ತೂಕದಲ್ಲಿ ಅದು ಸುಮಾರು 2. ಅದೂ ಒಟ್ಟು ಆರ್ಸೆನಿಕ್. ಸಮುದ್ರ ಜೀವಿಗಳಲ್ಲಿ ಹೆಚ್ಚಿನ ಪಾಲು ಆರ್ಸೆನೋಬೀಟೈನ್ ಅನ್ನುವ ರೂಪದಲ್ಲಿರುತ್ತದೆ. ಅದು ದೇಹದಿಂದ ಹಾಗೇ ಹೊರಗೆ ಹೋಗುತ್ತದೆ. ಕ್ಯಾನ್ಸರ್ ತರುವುದು ನಿರವಯವ (ಇಂಗಾಲದ ಜೊತೆ ಸೇರಿರದ) ಆರ್ಸೆನಿಕ್. ಸಂಶಯ ಇದ್ದರೆ ಅದನ್ನೇ ಬೇರೆಯಾಗಿ ಅಳೆಸಿ. ಕಡಲಕಳೆ ಬೆಳೆಸುವವರು ಇದರಲ್ಲಿ ಹುಷಾರಾಗಿರಬೇಕು. ಹಿಜಿಕಿ ಅನ್ನುವ ಜಾತಿಯಲ್ಲಿ ನಿರವಯವ ರೂಪವೇ ಜಾಸ್ತಿ. ಬ್ರಿಟನ್ನಿನ ಆಹಾರ ಸಂಸ್ಥೆ 2004ರಲ್ಲಿ ಅದನ್ನು ತಿನ್ನಬೇಡಿ ಅಂತಲೇ ಹೇಳಿತು.

ಉಪ್ಪುನೀರು:
ಶುದ್ಧ ನೀರಿನ ತೊಟ್ಟಿಯಲ್ಲಿ ಎರಡು ದಿನ ಇಟ್ಟು ಮಾರಿದರೆ? ಸಿಂಪಿಯವರು ಹಾಗೆ ಮಾಡುತ್ತಾರಲ್ಲ.

ಲ್ಯಾಬ್‌ಕೋಟು:
ಅದು ಬ್ಯಾಕ್ಟೀರಿಯಾಕ್ಕೆ. ಕರುಳಿನಲ್ಲಿರುವ ಸೂಕ್ಷ್ಮಾಣು ಒಂದೆರಡು ದಿನದಲ್ಲಿ ಹೊರಗೆ ಹೋಗುತ್ತವೆ. ಕ್ಯಾಡ್ಮಿಯಂ ಅಂಗಾಂಶದೊಳಗೆ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಇಳಿಯಲು ತಿಂಗಳುಗಳೇ ಬೇಕು. ತೊಟ್ಟಿಯಲ್ಲಿಟ್ಟು ‘ಶುದ್ಧೀಕರಿಸಿದ್ದು’ ಅಂತ ಬರೆದರೆ ಕೊಳ್ಳುವವರು ಲೋಹವೂ ಹೋಗಿದೆ ಅಂದುಕೊಳ್ಳುತ್ತಾರೆ.

ಲೆಕ್ಕದ ಮೇಷ್ಟ್ರು:
ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ನಾವು ಹುಡುಕದೇ ಇರುವ ರಾಸಾಯನಿಕಗಳು. ಕೆರಿಬಿಯನ್ ಕಡಲಿನ ಮಾರ್ಟಿನೀಕ್, ಗ್ವಾಡೆಲೂಪ್ ದ್ವೀಪಗಳಲ್ಲಿ ಬಾಳೆತೋಟಕ್ಕೆ ಕ್ಲೋರ್ಡೆಕೋನ್ ಅನ್ನುವ ಕೀಟನಾಶಕ ಹಾಕುವುದು 1993ಕ್ಕೇ ನಿಂತಿತು. ಮಣ್ಣಿನಿಂದ ಅದು ಇನ್ನೂ ಕಡಲಿಗೆ ಬರುತ್ತಿದೆ. ದಡದ ಕೆಲವು ಭಾಗಗಳಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಲೋಹದ ಪಟ್ಟಿ ಹಿಡಿದು ಎಷ್ಟೇ ಅಳೆದಿದ್ದರೂ ಅದು ಸಿಗುತ್ತಿರಲಿಲ್ಲ. ಪಿಎಫ್‌ಎಎಸ್ ಅನ್ನುವ, ಸುಲಭಕ್ಕೆ ಒಡೆಯದ ಫ್ಲೋರಿನ್ ರಾಸಾಯನಿಕಗಳಿಗೂ ಹೀಗೇ. 2020ರಲ್ಲಿ ಯುರೋಪಿನವರು ನಾಲ್ಕು ಪಿಎಫ್‌ಎಎಸ್‌ಗಳಿಗೆ ಸೇರಿಸಿ ವಾರಕ್ಕೆ ಸಹಿಸಬಹುದಾದದ್ದು ದೇಹತೂಕದ ಕೆಜಿಗೆ 4.4 ನ್ಯಾನೋಗ್ರಾಂ ಅಂದರು. ಸಾಮಾನ್ಯ ಲ್ಯಾಬಿನ ಕೈಗೆ ಎಟುಕುವ ಅಳತೆಯಲ್ಲ ಅದು.

ಹಾಗಾಗಿ ಟೆಸ್ಟ್ ಪಟ್ಟಿ ಮಾಡುವ ಮೊದಲು ಹೊಳೆಯುದ್ದಕ್ಕೂ ನಡೆದು ನೋಡಿ. ಮೇಲೆ ಏನಿದೆ? ಚರ್ಮ ಹದ ಮಾಡುವ ಕಾರ್ಖಾನೆ ಇದ್ದರೆ ಕ್ರೋಮಿಯಂ, ದೋಣಿ ರಿಪೇರಿ ಇದ್ದರೆ ತಾಮ್ರ, ಬ್ಯಾಟರಿ ಒಡೆಯುವವರಿದ್ದರೆ ಸೀಸ, ತೋಟ ಇದ್ದರೆ ಅಲ್ಲಿನ ಕೀಟನಾಶಕ. ಆ ನಡಿಗೆಗೆ ಖರ್ಚಿಲ್ಲ, ಟೆಸ್ಟಿನ ದುಡ್ಡು ಎಷ್ಟೋ ಉಳಿಯುತ್ತದೆ.

ತೇಲುಹಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಗುಂಪಿನಲ್ಲಿ ಮಾತಾಡಿದೆವು. ಬೆಳೆ ಬಿಸಾಡುವುದಿಲ್ಲ. ಅಳಿವೆ ಹತ್ತಿರದ ಹಗ್ಗಗಳ ಕೊಯ್ಲು ಮಾತ್ರ ಸದ್ಯಕ್ಕೆ ನಿಲ್ಲಿಸಿದ್ದೇವೆ. ಕೆಸರುಕಾಲು ಸರ್ ಹೇಳಿದ ಹಾಗೆ ಬಲೆ ಚೀಲಗಳನ್ನು ಸಾಲಾಗಿ ಕಟ್ಟುತ್ತೇವೆ. ಕೊಳ್ಳುವವರಿಗೆ ಹಸಿ ತೂಕದ ಅಂಕಿ ಹಾಕಿ, ಮೇಷ್ಟ್ರ ಲೆಕ್ಕವನ್ನೂ ಸೇರಿಸಿ ಕಳಿಸಿದೆವು. ‘ವಾರಕ್ಕೆ 200 ಗ್ರಾಂ ಒಳಗೆ’ ಅಂತ ಬರೆದಿದ್ದೇವೆ. ಕೆಲವರು ಬೇಡ ಅಂದರು. ಕೆಲವರು ಇಷ್ಟು ಹೇಳಿದವರು ನೀವೇ ಮೊದಲು ಅಂದರು.

ಸ್ಯಾಂಪಲ್ ತೆಗೆಯುವಾಗ ಏನು ನೋಡಿಕೊಳ್ಳಬೇಕು ಅಂತ ಒಂದು ಸಲ ಹೇಳಿಬಿಡಿ.

ಲ್ಯಾಬ್‌ಕೋಟು:
200 ಗ್ರಾಂ ಅಂದರೆ 0.65 ಲೆಕ್ಕದಲ್ಲಿ ಕೆಜಿಗೆ 2.2 ಆಗುತ್ತದೆ. ಯುರೋಪಿನ 2.5ರ ಒಳಗೇ. ಆದರೆ ಧಾನ್ಯ ಸೊಪ್ಪಿನದು ಸೇರಿಲ್ಲ, ನೆನಪಿರಲಿ. ಅದು 60 ಕೆಜಿಯವರಿಗೆ ಮಾತ್ರ ಅಂತಲೂ ಬರೆಯಿರಿ, ಮಕ್ಕಳಿಗೆ ಅಷ್ಟು ಕೊಟ್ಟುಬಿಟ್ಟಾರು.

ಪ್ರತಿ ಜಾಗದಿಂದ ಒಂದೇ ಅಳತೆಯ ಪಚ್ಚಿಲೆ, ಒಂದೆರಡು ಡಜನ್ ಸೇರಿಸಿ ಒಂದು ಸ್ಯಾಂಪಲ್. ದೊಡ್ಡದು ಚಿಕ್ಕದು ಬೆರೆಸಬೇಡಿ. ಮೊಟ್ಟೆಯಿಡುವ ಮೊದಲೂ ಆಮೇಲೂ ಮಾಂಸದ ತೂಕ ಬದಲಾಗುತ್ತದೆ, ಹಾಗಾಗಿ ಎಲ್ಲ ಜಾಗದ್ದನ್ನೂ ಒಂದೇ ವಾರದಲ್ಲಿ ತೆಗೆಯಿರಿ. ಚಿಪ್ಪಿನ ಕೆಸರನ್ನು ಅಲ್ಲಿನ ನೀರಿನಲ್ಲೇ ತೊಳೆಯಿರಿ. ಹೊಸ ಪ್ಲಾಸ್ಟಿಕ್ ಚೀಲ, ಐಸು, ಆಮೇಲೆ ಫ್ರೀಜರ್. ಪಿಎಎಚ್ ಟೆಸ್ಟಿಗಾದರೆ ಪ್ಲಾಸ್ಟಿಕ್ ಬೇಡ, ಅಲ್ಯೂಮಿನಿಯಂ ಫಾಯಿಲ್ ಅಥವಾ ಗಾಜು. ಸತುವಿನ ಲೇಪ ಇರುವ ಬಕೆಟ್ ಮುಟ್ಟಲೇಬೇಡಿ.

ಕರುಳು ತೆಗೆಯಬೇಕಾ ಅಂತ ಮುಂದೆ ಕೇಳುತ್ತೀರಿ. ತಿನ್ನುವವರು ಕರುಳು ಸಮೇತ ತಿನ್ನುವುದರಿಂದ ಆಹಾರದ ಲೆಕ್ಕಕ್ಕೆ ಹಾಗೇ ಕೊಡಿ. ಮೂಲ ಹುಡುಕುವ ಚೀಲಗಳದ್ದನ್ನು ಮಾತ್ರ ಒಂದು ದಿನ ಸೋಸಿದ ಸಮುದ್ರ ನೀರಿನಲ್ಲಿಟ್ಟು ಕೊಡಿ. ಇಲ್ಲದಿದ್ದರೆ ಕರುಳಿನ ಕೆಸರನ್ನೇ ಅಳೆದ ಹಾಗಾಗುತ್ತದೆ.

ತೇಲುಹಗ್ಗ:
ಸರಿ ಸರ್. ಹೋಲಿಕೆಗೆ ಶುದ್ಧ ಜಾಗ ಅಂತ ಎಷ್ಟು ದೂರ ಹೋಗಬೇಕು?

ಕೆಸರುಕಾಲು:
ಕಿಲೋಮೀಟರ್ ಲೆಕ್ಕ ಇಲ್ಲ. ಹೊಳೆಯ ನೀರು ಮುಟ್ಟದ ಜಾಗ ಆಗಿರಬೇಕು. ದೊಡ್ಡ ಇಳಿತದ ದಿನ ಉಪ್ಪಿನಂಶ ಅಳೆಯುತ್ತಾ ಹೋಗಿ. ಎಲ್ಲಿ ಉಬ್ಬರಕ್ಕೂ ಇಳಿತಕ್ಕೂ ಉಪ್ಪು ಬದಲಾಗುವುದಿಲ್ಲವೋ ಅಲ್ಲಿ ಒಂದು ಚೀಲ ಕಟ್ಟಿ. ಅಲೆ ಜೋರಿದ್ದರೆ ಎರಡು ಕಟ್ಟಿ, ಒಂದು ಹೋದರೂ ಇನ್ನೊಂದು ಇರುತ್ತದೆ.